ಬಣ್ಣ ತೊಳೆದ ಮೇಲೆ

ಕೇಳುಗರೆಲ್ಲರಿಗೂ ನಮಸ್ಕಾರ.

ನಗಿಸುವುದಕ್ಕಾಗಿ ಬೇರೊಂದು ಜನಾಂಗದವರ ವೇಷ ಹಾಕುವುದು ಸರಿಯೋ ತಪ್ಪೋ ಎಂಬ ವಿಷಯವನ್ನು ಈ ಹತ್ತು ನಿಮಿಷಗಳಿಗಾಗಿ ನನಗೆ ಒಪ್ಪಿಸಲಾಗಿದೆ. ನಲವತ್ತು ವರ್ಷಗಳಿಂದ ನಾಟಕದವರ ಮುಖಕ್ಕೆ ಬಣ್ಣ ಹಚ್ಚುತ್ತ, ಹಚ್ಚುವುದನ್ನು ಕಲಿಸುತ್ತ ಬಂದವನು ನಾನು. ಮತ್ತೊಬ್ಬರ ವೇಷ ಹಾಕುವುದೇ ತಪ್ಪೆಂದು ತೀರ್ಮಾನವಾದರೆ ಮೊದಲು ಅನ್ನ ಕಳೆದುಕೊಳ್ಳುವವನು ನಾನೇ. ಆದ್ದರಿಂದ ವೇಷದ ವಿರೋಧಿಯೊಬ್ಬ ಮಾತನಾಡುತ್ತಿದ್ದಾನೆಂದು ದಯವಿಟ್ಟು ಭಾವಿಸಬೇಡಿ.

ನಾನು ಹೇಳಬೇಕಾದದ್ದು ಒಂದೇ ಒಂದು ಮಾತು. ವೇಷಧಾರಿಯ ಮುಖದ ಬಣ್ಣವನ್ನು ಮನಸ್ಸಿನಲ್ಲೇ ತೊಳೆದುಬಿಡಿ; ಆಮೇಲೆ ನಗು ಉಳಿಯುತ್ತದೆಯೇ ನೋಡಿ. ಉಳಿದರೆ ಅದು ಹಾಸ್ಯ. ಉಳಿಯದಿದ್ದರೆ, ನೀವು ಅಷ್ಟು ಹೊತ್ತು ನಕ್ಕದ್ದು ಯಾರೋ ಒಬ್ಬರ ಚರ್ಮಕ್ಕೆ. ಅಡುಗೆಮನೆಯಲ್ಲಿ ರೇಡಿಯೋ ಹಚ್ಚಿಕೊಂಡಿರುವ ತಾಯಂದಿರಿಗೂ, ಕಾಲೇಜಿನ ವಾರ್ಷಿಕೋತ್ಸವಕ್ಕೆ ಕಿರುಪ್ರಹಸನ ಬರೆಯುತ್ತಿರುವ ಹುಡುಗರಿಗೂ ಇಷ್ಟು ಸಾಕು. ಉಳಿದದ್ದೆಲ್ಲ ಇದರ ವಿವರಣೆ.

ಈ ವಾದ ಹುಟ್ಟಿದ್ದು ಅಮೆರಿಕದ ರಂಗಭೂಮಿಯಲ್ಲಿ. ಅಲ್ಲಿನ ಪ್ರಸಾಧನದ ಸಾಮಗ್ರಿ ಬಹಳ ಅಗ್ಗದ್ದು. ಸೀಸೆಯ ಬಾಯಿಗೆ ಹಾಕುವ ಕಾರ್ಕಿನ ಬಿರಡೆಗಳನ್ನು ಸುಟ್ಟು, ಕರಿಯನ್ನು ನುಣ್ಣಗೆ ಪುಡಿಮಾಡಿ, ನೀರಿನಲ್ಲಿ ಕಲಸಿ ಮುಖಕ್ಕೆ ಬಳಿಯುತ್ತಿದ್ದರು. ತುಟಿಯ ಸುತ್ತ ಅಗಲವಾಗಿ ಜಾಗ ಬಿಟ್ಟು, ಬಾಯಿ ಇರುವುದಕ್ಕಿಂತ ಎರಡರಷ್ಟು ದೊಡ್ಡದಾಗಿ ಕಾಣುವಂತೆ ಬಿಳಿಯನ್ನೋ ಕೆಂಪನ್ನೋ ತುಂಬುತ್ತಿದ್ದರು. ಆ ಮುಖವನ್ನು ಚಿತ್ರಗಳಲ್ಲಿ ಗಮನವಿಟ್ಟು ನೋಡಿದ ಪ್ರಸಾಧನಕಾರನಾಗಿ ಹೇಳುತ್ತೇನೆ, ಅದು ಕಪ್ಪು ಮನುಷ್ಯನೊಬ್ಬನ ಮುಖವನ್ನು ಹೋಲಿಸುವ ಪ್ರಯತ್ನವೇ ಅಲ್ಲ. ಹೋಲಿಸುವ ಉದ್ದೇಶವಿದ್ದವನು ಬಾಯಿಯನ್ನು ಹಾಗೆ ಬರೆಯುವುದಿಲ್ಲ.

1830ರ ಸುಮಾರಿಗೆ ಥಾಮಸ್ ರೈಸ್ ಎಂಬ ಬಿಳಿಯ ನಟನೊಬ್ಬ ಈ ಮಸಿ ಬಳಿದುಕೊಂಡು, ಹರಕು ಬಟ್ಟೆ ತೊಟ್ಟು, ಕುಂಟುತ್ತ ಕುಣಿದು ಹಾಡಿ ಊರೂರುಗಳಲ್ಲಿ ಹೆಸರು ಮಾಡಿದ. ಆ ಪಾತ್ರದ ಹೆಸರು ಜಿಮ್ ಕ್ರೋ. 1843ರಲ್ಲಿ ನ್ಯೂಯಾರ್ಕಿನಲ್ಲಿ ನಾಲ್ವರು ಬಿಳಿಯರು ಸೇರಿ ಇಡೀ ಸಂಜೆಯ ಕಾರ್ಯಕ್ರಮವನ್ನೇ ಹೀಗೆ ಕಟ್ಟಿದರು, ಮುಂದೆ ಇಂಥ ಮಂಡಳಿಗಳು ನಾಯಿಕೊಡೆಗಳಂತೆ ಎದ್ದವು. ಗುಲಾಮಗಿರಿ ಇನ್ನೂ ಕಾನೂನುಬದ್ಧವಾಗಿದ್ದ ಕಾಲವದು. ಯಾರನ್ನು ಅಣಕಿಸುತ್ತಿದ್ದರೋ ಅವರು ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದರು. ಮುಂದೆ ಕಪ್ಪು ಜನರನ್ನು ರೈಲಿನಲ್ಲಿ, ಶಾಲೆಯಲ್ಲಿ, ಹೋಟೆಲಿನಲ್ಲಿ ಬೇರೆ ಕೂರಿಸುವ ಕಾನೂನುಗಳು ಬಂದಾಗ ಜನ ಅವುಗಳನ್ನು ಕರೆದದ್ದು ಆ ಕುಣಿತದ ಪಾತ್ರದ ಹೆಸರಿನಿಂದಲೇ. ಅವುಗಳ ಬೆನ್ನುಮೂಳೆ ಮುರಿಯಲು 1964ರ ನಾಗರಿಕ ಹಕ್ಕುಗಳ ಕಾಯಿದೆಯವರೆಗೆ ಕಾಯಬೇಕಾಯಿತು. “ತಮಾಷೆಗೆ ಮಾಡಿದ್ದು, ಅಷ್ಟೆ” ಎನ್ನುವವರು ಈ ಹೆಸರಿನ ಪ್ರಯಾಣವನ್ನು ಸ್ವಲ್ಪ ನೆನಪಿಡಬೇಕು.

ಈಗ ನನಗೆ ಬಹಳ ಪ್ರಿಯವಾದ ಒಬ್ಬ ನಟರ ಕಥೆ ಹೇಳುತ್ತೇನೆ. ಅವರ ಹೆಸರು ಬರ್ಟ್ ವಿಲಿಯಮ್ಸ್. 1874ರಲ್ಲಿ ಬಹಾಮಾಸ್ ದ್ವೀಪಗಳಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದವರು. ಅವರು ಸ್ವತಃ ಕಪ್ಪು ಜನಾಂಗದವರು. ಮೈಬಣ್ಣ ಮಾತ್ರ ತಿಳಿಯಾದದ್ದು. ಜಾರ್ಜ್ ವಾಕರ್ ಎಂಬ ಗೆಳೆಯನೊಂದಿಗೆ ಅವರು ರಂಗಕ್ಕೆ ಬಂದಾಗ ಮಸಿ ಬಳಿದ ಬಿಳಿಯರು ಎಷ್ಟು ತುಂಬಿಕೊಂಡಿದ್ದರೆಂದರೆ, ಈ ಇಬ್ಬರು ತಾವು “ಅಸಲಿ” ಎಂದು ಜಾಹೀರಾತು ಮಾಡಿಕೊಳ್ಳಬೇಕಾಯಿತು. ಹಾಗೆ ಅಸಲಿಯೆಂದು ಹೇಳಿಕೊಂಡ ವಿಲಿಯಮ್ಸ್, 1896ರ ಸುಮಾರಿಗೆ ಡೆಟ್ರಾಯಿಟ್ ನಗರದಲ್ಲಿ ಒಂದು ದಿನ, ಸುಮ್ಮನೆ ನೋಡೋಣವೆಂದು ತಾವೂ ಸುಟ್ಟ ಕಾರ್ಕನ್ನು ಮುಖಕ್ಕೆ ಬಳಿದುಕೊಂಡರು. ಜನ ಮುಗಿಬಿದ್ದು ನಕ್ಕರು. ಅಂದಿನಿಂದ ಸಾಯುವವರೆಗೆ ಆ ಮಸಿ ಅವರನ್ನು ಬಿಡಲಿಲ್ಲ. ಕಪ್ಪು ಮನುಷ್ಯನೊಬ್ಬ ಕಪ್ಪು ಮನುಷ್ಯನ ವೇಷ ಹಾಕಿದ ಮೇಲಷ್ಟೇ ಪ್ರೇಕ್ಷಕರಿಗೆ ನಗು ಬರುತ್ತಿತ್ತು!

ಅವರು ಮಸಿಯನ್ನು ನಂಬಿಕೊಂಡಿದ್ದ ನಟರಲ್ಲ. 1916ರ ಒಂದು ಮೂಕಿ ಚಿತ್ರದಲ್ಲಿ ಅವರ ಹೆಸರಾಂತ ಮೂಕಾಭಿನಯ ಉಳಿದುಕೊಂಡಿದೆ. ಒಬ್ಬರೇ ಕುಳಿತು ಇಸ್ಪೀಟಿನ ಪೋಕರ್ ಆಡುತ್ತಾರೆ. ಎದುರಿಗೆ ಯಾರೂ ಇಲ್ಲ, ಕೈಯಲ್ಲಿ ಎಲೆಗಳೂ ಇಲ್ಲ. ಇಲ್ಲದ ಎಲೆಗಳನ್ನು ಕಲಸುತ್ತಾರೆ, ಹಂಚುತ್ತಾರೆ, ತಮ್ಮ ಪಾಲಿಗೆ ಬಂದದ್ದನ್ನು ತುಸುವೇ ಎತ್ತಿ ನೋಡುತ್ತಾರೆ, ಕಣ್ಣಿನ ಮೂಲೆಯಲ್ಲಿ ಆಸೆ ಮೂಡುತ್ತದೆ, ಎದುರಾಳಿಯ ಮುಖ ನೋಡಿ ಅನುಮಾನ, ಪಣ ಹೆಚ್ಚಿಸುವಾಗ ಒಂದು ಹುಸಿ ಧೈರ್ಯ, ಕೊನೆಗೆ ಎಲ್ಲ ಕಳೆದುಕೊಂಡವನ ಮೌನ. ನಾನು ಅದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ವಿದ್ಯಾರ್ಥಿಗಳಿಗೆ ತೋರಿಸುವ ನೆಪದಲ್ಲಿ ನಾನೇ ನೋಡುತ್ತೇನೆ. ಈಗ ನನ್ನ ಪರೀಕ್ಷೆಯನ್ನು ಇಲ್ಲಿ ಮಾಡಿ. ಆ ಮುಖದ ಮಸಿಯನ್ನು ತೊಳೆಯಿರಿ. ನಗು ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಅಂದರೆ ಆ ಮಸಿ ಕಲೆಯ ಭಾಗವಾಗಿರಲಿಲ್ಲ, ರಂಗ ಹತ್ತಲು ಅವರು ತೆರಬೇಕಾದ ಸುಂಕವಾಗಿತ್ತು.

1903ರಲ್ಲಿ ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಅವರ ತಂಡದ ಪ್ರದರ್ಶನವಾಯಿತು. 1910ರಿಂದ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯ ಅತ್ಯಂತ ವೈಭವದ ಪ್ರದರ್ಶನವಾದ ಝೀಗ್‌ಫೆಲ್ಡ್ ಫಾಲೀಸ್‌ನಲ್ಲಿ ಬಿಳಿಯ ತಾರೆಯರ ನಡುವೆ ನಿಂತರು. ಅಲ್ಲಿ ಅವರ ಜೊತೆಗಾರರಲ್ಲಿ ಒಬ್ಬರು ಎಡ್ಡಿ ಕ್ಯಾಂಟರ್ ಎಂಬ ಬಿಳಿಯ ನಟರು. ಇಬ್ಬರದೂ ಅದೇ ಸುಟ್ಟ ಕಾರ್ಕು. ಆಟ ಮುಗಿದ ಮೇಲೆ ಇಬ್ಬರೂ ಮುಖ ತೊಳೆಯುತ್ತಿದ್ದರು. ತೊಳೆದ ಮೇಲೆ ಕ್ಯಾಂಟರ್ ಹೋಟೆಲಿನ ಮುಂಬಾಗಿಲಿನಿಂದ ಒಳಗೆ ಹೋಗಬಹುದಿತ್ತು. ವಿಲಿಯಮ್ಸ್ ಹಿಂದಿನ ಲಿಫ್ಟಿನಲ್ಲಿ ಹತ್ತಬೇಕಿತ್ತು. ಕ್ಯಾಂಟರ್ ಅವರೇ ಮುಂದೆ ನೆನಪಿಸಿಕೊಂಡ ಪ್ರಕಾರ, ಅಂಥ ಒಂದು ರಾತ್ರಿ ವಿಲಿಯಮ್ಸ್ ಹೇಳಿದ್ದಿಷ್ಟು: ಜನರ ಚಪ್ಪಾಳೆ ಇನ್ನೂ ಕಿವಿಯಲ್ಲಿ ಮೊಳಗುತ್ತಿರದಿದ್ದರೆ ಇದು ಇಷ್ಟು ಕಷ್ಟವಾಗುತ್ತಿರಲಿಲ್ಲ. ಇನ್ನೊಬ್ಬ ಸಹನಟ ಡಬ್ಲ್ಯೂ. ಸಿ. ಫೀಲ್ಡ್ಸ್, ತಾನು ಕಂಡವರಲ್ಲೆಲ್ಲ ಅತಿ ಹೆಚ್ಚು ನಗಿಸಿದವರೂ ತಾನು ಬಲ್ಲವರಲ್ಲೆಲ್ಲ ಅತಿ ದುಃಖಿಯೂ ಈ ಮನುಷ್ಯನೇ ಎಂದಿದ್ದಾರೆ. 1922ರ ಫೆಬ್ರವರಿಯಲ್ಲಿ, ಮೊದಲು ಮಸಿ ಬಳಿದುಕೊಂಡ ಅದೇ ಡೆಟ್ರಾಯಿಟ್‌ನಲ್ಲಿ, ನ್ಯುಮೋನಿಯಾದಿಂದ ಬಳಲುತ್ತಿದ್ದ ಅವರು ರಂಗದ ಮೇಲೆಯೇ ಕುಸಿದರು. ಅದೂ ಆಟದ ಭಾಗವೆಂದುಕೊಂಡು ಪ್ರೇಕ್ಷಕರು ನಕ್ಕರು. ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ವಯಸ್ಸು 47.

ನನಗೆ ಕೊಟ್ಟ ಹತ್ತು ನಿಮಿಷಗಳಲ್ಲಿ ಏಳನ್ನು ವಿಲಿಯಮ್ಸ್ ಅವರಿಗೇ ಕೊಟ್ಟುಬಿಟ್ಟಿದ್ದೇನೆ ಎಂಬುದು ಗೊತ್ತಿದೆ. ಆದ್ದರಿಂದ ಮುಂದಿನದನ್ನು ಬೇಗ ಬೇಗ ಹೇಳುತ್ತೇನೆ.

ಬ್ರಿಟನ್ನಿನ ಬಿಬಿಸಿ ಟೆಲಿವಿಷನ್ನಿನಲ್ಲಿ ಮಸಿ ಬಳಿದ ಗಾಯಕರ ಕಾರ್ಯಕ್ರಮವೊಂದು 1958ರಿಂದ 1978ರವರೆಗೆ ನಡೆಯಿತು. ನಿಲ್ಲಿಸಿರೆಂದು 1967ರಲ್ಲಿ ಮನವಿ ಹೋದ ಮೇಲೂ ಹನ್ನೊಂದು ವರ್ಷ! ಹಾಡುಗಳು ಚೆನ್ನಾಗಿದ್ದವೆಂದು ಸಮರ್ಥಿಸುವವರಿದ್ದಾರೆ. ಹಾಡು ಚೆನ್ನಾಗಿದ್ದರೆ ಮುಖ ತೊಳೆದುಕೊಂಡೇ ಹಾಡಬಹುದಿತ್ತಲ್ಲ?

ನಮ್ಮನ್ನೂ ಹೀಗೆ ಆಡಿದ್ದಾರೆ. 1968ರಲ್ಲಿ ಪೀಟರ್ ಸೆಲ್ಲರ್ಸ್ ಮುಖಕ್ಕೆ ಕಂದು ಬಣ್ಣ ಹಚ್ಚಿಕೊಂಡು ಹಾಲಿವುಡ್ ಚಿತ್ರದಲ್ಲಿ ಬಕ್ಷಿ ಎಂಬ ಭಾರತೀಯ ನಟನಾದರು. 1990ರಿಂದ ಅಮೆರಿಕದ ವ್ಯಂಗ್ಯಚಿತ್ರ ಧಾರಾವಾಹಿಯೊಂದರಲ್ಲಿ ಅಪು ಎಂಬ ಭಾರತೀಯ ಅಂಗಡಿಯವನಿಗೆ ಹ್ಯಾಂಕ್ ಅಜಾರಿಯಾ ಎಂಬ ಬಿಳಿಯ ನಟರು ದನಿ ಕೊಟ್ಟರು. ಉಚ್ಚಾರಣೆಯೂ ಬಣ್ಣವೇ, ಗಂಟಲಿಗೆ ಹಚ್ಚಿದ್ದು. ಅಲ್ಲಿನ ಶಾಲೆಗಳಲ್ಲಿ ಭಾರತೀಯ ಮೂಲದ ಮಕ್ಕಳನ್ನು ಆ ದನಿಯಲ್ಲೇ ಹಂಗಿಸುತ್ತಿದ್ದರೆಂಬುದನ್ನು ಹರಿ ಕೊಂಡಬೋಲು ಎಂಬ ಹಾಸ್ಯಗಾರರು 2017ರಲ್ಲಿ ಸಾಕ್ಷ್ಯಚಿತ್ರವೊಂದರಲ್ಲಿ ತೋರಿಸಿದರು. 2020ರಲ್ಲಿ ಅಜಾರಿಯಾ ಆ ದನಿಯನ್ನು ಬಿಟ್ಟರು. ಅಲ್ಲಿ ನೆಲೆಸಿರುವ ಮೊಮ್ಮಕ್ಕಳುಳ್ಳ ಕೇಳುಗರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಎಲ್ಲ ವೇಷವೂ ತಪ್ಪೇ? ಖಂಡಿತ ಅಲ್ಲ. 1984ರಲ್ಲಿ ಎಡ್ಡಿ ಮರ್ಫಿ ಎಂಬ ಕಪ್ಪು ಹಾಸ್ಯಗಾರರು ಬಿಳಿಯನ ವೇಷ ಹಾಕಿ ನ್ಯೂಯಾರ್ಕಿನಲ್ಲಿ ಓಡಾಡುವ ಟೆಲಿವಿಷನ್ ಪ್ರಹಸನವೊಂದಿದೆ. ಅಂಗಡಿಯವನು ಪತ್ರಿಕೆಗೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಬಸ್ಸಿನಿಂದ ಕೊನೆಯ ಕಪ್ಪು ಪ್ರಯಾಣಿಕ ಇಳಿದದ್ದೇ ತಡ, ಉಳಿದವರೆಲ್ಲ ಎದ್ದು ಹಾಡು ಹಾಕಿಕೊಂಡು ಕುಣಿಯುತ್ತಾರೆ. ಬಣ್ಣ ತೊಳೆದರೂ ಅಲ್ಲಿ ನಗು ಉಳಿಯುತ್ತದೆ, ಏಕೆಂದರೆ ಅದು ಚರ್ಮದ ಮೇಲಿನ ನಗುವಲ್ಲ, ಚರ್ಮ ನೋಡಿ ಮಣೆ ಹಾಕುವವರ ಮೇಲಿನ ನಗು. ನಮ್ಮ ಯಕ್ಷಗಾನದ ಬಣ್ಣದ ವೇಷವನ್ನೇ ತೆಗೆದುಕೊಳ್ಳಿ. ಗಂಟೆಗಟ್ಟಲೆ ಕುಳಿತು ಚಿಟ್ಟಿ ಎಂಬ ಹಿಟ್ಟಿನ ಚುಕ್ಕೆಗಳನ್ನು ಇಟ್ಟು ಬರೆಯುವ ಆ ರಾಕ್ಷಸನ ಮುಖ ಹೊತ್ತ ಜನ ಯಾವ ಊರಿನಲ್ಲೂ ಇಲ್ಲ. ಅದನ್ನು ಕಂಡು ಯಾರಿಗೂ ನೋವಾಗುವುದಿಲ್ಲ.

ನೋವಾಗುವುದು ಹೇಗೆಂದು ನಾನು ಕಂಡದ್ದು ಉತ್ತರ ಕನ್ನಡದಲ್ಲಿ. ಯಲ್ಲಾಪುರ, ಹಳಿಯಾಳದ ಕಡೆ ಆಫ್ರಿಕಾ ಮೂಲದ ಸಿದ್ದಿ ಜನ ಎಷ್ಟೋ ತಲೆಮಾರುಗಳಿಂದ ಬಾಳುತ್ತಿದ್ದಾರೆ, ಕೊಂಕಣಿ ಕನ್ನಡಗಳನ್ನು ಆಡುತ್ತಾರೆ. ಅಲ್ಲಿನ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು. ಕಾಡುಜನರ ಕುಣಿತವೆಂದು ಮಕ್ಕಳಿಗೆಲ್ಲ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಬಳಿದು, ಸೊಪ್ಪು ಸುತ್ತಿ, “ಝಿಂಗಾಲಾಲ” ಎಂದು ಕುಣಿಸುವ ಸಿದ್ಧತೆ ನಡೆದಿತ್ತು. ಆ ಮಕ್ಕಳಲ್ಲಿ ಒಬ್ಬ ಸಿದ್ದಿ ಹುಡುಗ. ಅವನಿಗೂ ಬಳಿಯುತ್ತಿದ್ದರು. ಇವನಿಗೇಕೆ ಎಂದು ಕೇಳಿದೆ. “ಎಲ್ಲರೂ ಒಂದೇ ತರಹ ಕಾಣಬೇಕಲ್ಲ ಸಾರ್” ಎಂದರು ಮೇಷ್ಟ್ರು. ಹುಡುಗ ಕಣ್ಣು ಮುಚ್ಚಿ ಮುಖ ಒಡ್ಡಿ ನಿಂತಿದ್ದ. ನಾನು ಆ ದಿನ ಬಾಯಿ ಬಿಡಲಿಲ್ಲ, ಅಂಕವನ್ನೂ ಕೊಟ್ಟೆ.

ಈಗ ನನ್ನ ಬಳಿ ಪ್ರಸಾಧನದ ಸಾಮಾನು ಬಾಡಿಗೆಗೆ ಕೇಳಿಕೊಂಡು ಕಾಲೇಜಿನ ಹುಡುಗರು ಬರುತ್ತಾರೆ. ಕಳೆದ ವರ್ಷ ನಾಲ್ವರು ಬಂದು, ಪ್ರಹಸನದಲ್ಲಿ ಒಬ್ಬ ಆಫ್ರಿಕನ್ ವಿದ್ಯಾರ್ಥಿಯ ಪಾತ್ರವಿದೆ, ಮುಖಕ್ಕೆ ಹಚ್ಚುವ ಕಪ್ಪು ಪ್ಯಾನ್‌ಕೇಕ್ ಬಣ್ಣ ಬೇಕು ಎಂದರು. ಕೊಡೋಣ, ಮೊದಲು ಬಣ್ಣವಿಲ್ಲದೆ ನನ್ನೆದುರಿಗೆ ಓದಿ ತೋರಿಸಿ ಎಂದೆ. ಓದಿದರು. ಅರ್ಧಕ್ಕೆ ಬರುವಷ್ಟರಲ್ಲಿ ಒಬ್ಬನ ಮುಖವನ್ನು ಇನ್ನೊಬ್ಬ ನೋಡತೊಡಗಿದ; ನಾನು ನಗಲಿಲ್ಲ, ಅವರೂ ನಗಲಿಲ್ಲ. ಕೊನೆಗೆ ಹಾಳೆ ಮಡಚಿ ಜೇಬಿಗಿಟ್ಟುಕೊಂಡು, ಎರಡು ಮೀಸೆ, ಒಂದು ಬಿಳಿ ಗಡ್ಡ, ಒಂದು ಪೇಟವನ್ನು ಬಾಡಿಗೆಗೆ ತೆಗೆದುಕೊಂಡು ಹೋದರು.

ನಮಸ್ಕಾರ.