ದುಡ್ಡು ಕೊಟ್ಟು ಕೆಸರಲ್ಲಿ ಕೂರುವ ಜನ: ರೋಮನ್ ಮಡಕೆ ಚೂರಿನ ಕಥೆ

[ದೃಶ್ಯ: ಮಳೆಯಲ್ಲಿ ಮಂಡಿಯೂರಿ ಮಣ್ಣು ಕೆರೆಯುತ್ತಿರುವವರು]

ನಮಸ್ಕಾರ. ರಜೆ ಹಾಕಿ, ಕೈಯಿಂದ ದುಡ್ಡು ಕೊಟ್ಟು, ಕೆಸರಿನಲ್ಲಿ ಕೂರುವ ಜನ ಇದ್ದಾರೆ ಅಂದ್ರೆ ನಂಬುತ್ತೀರಾ?

ಇಂಗ್ಲೆಂಡಿನ ಉತ್ತರದಲ್ಲಿ ವಿಂಡೊಲ್ಯಾಂಡ ಅನ್ನೋ ರೋಮನ್ ಕೋಟೆ ಇದೆ. ಪಕ್ಕದಲ್ಲಿ ರೋಮನ್ ಚಕ್ರವರ್ತಿ ಹೇಡ್ರಿಯನ್ ಕಟ್ಟಿಸಿದ ಗೋಡೆ ಶುರುವಾಗಿದ್ದು ಕ್ರಿ.ಶ. 122ರಲ್ಲಿ. ಕೋಟೆ ಅದಕ್ಕಿಂತ ಹಳೆಯದು. ಅಲ್ಲಿ ಪ್ರತಿ ಬೇಸಿಗೆ ಸ್ವಯಂಸೇವಕರು ದುಡ್ಡು ಕೊಟ್ಟು, ಹಳೆಯ ಕಾಲದ ಕುರುಹು ಹುಡುಕುತ್ತಾ ಅಗೆಯುತ್ತಾರೆ. ಡಿಗ್ರಿ ಬೇಡ, ಅನುಭವ ಬೇಡ. ಮಂಡಿ ಮಾತ್ರ ಗಟ್ಟಿ ಇರಬೇಕು.

ಕೈಗೆ ಕೊಡುವುದು ನಮ್ಮ ಗಾರೆ ಕೆಲಸದವರ ಕರಣೆಯಂಥದ್ದು. ಮಣ್ಣನ್ನು ಮೆಲ್ಲಗೆ ಕೆರೆಯಬೇಕು, ಗುದ್ದಬಾರದು. ತಳ್ಳುಗಾಡಿ ತುಂಬಿದರೆ ಸುರಿದು ಬರಬೇಕು. ಜಾಸ್ತಿ ಹೊತ್ತು ಇದೇ ಕೆಲಸ. ನಡುವೆ ಕೆಂಪಗೆ ಏನೋ ಹೊಳೆಯುತ್ತದೆ.

[ದೃಶ್ಯ: ಅಂಗೈ ಮೇಲೆ ಕೆಂಪು ಚೂರು]

ಇದು ಸೇಮಿಯನ್ ಮಡಕೆ. ಆಗಿನ ಕಾಲದ ಡೈನಿಂಗ್ ಸೆಟ್ ಅನ್ನಿ. ಗಾಲ್, ಅಂದರೆ ಈಗಿನ ಫ್ರಾನ್ಸ್ ಕಡೆ, ರಾಶಿರಾಶಿ ತಯಾರಾಗುತ್ತಿತ್ತು. ಎಷ್ಟೋ ಬಟ್ಟಲುಗಳ ತಳದಲ್ಲಿ ಕುಂಬಾರನ ಹೆಸರಿನ ಮುದ್ರೆ ಇರುತ್ತದೆ. ಕೆಲವದರ ಮೇಲೆ ಸೈನಿಕರು ತಮ್ಮ ಹೆಸರನ್ನೂ ಗೀಚಿಕೊಂಡಿದ್ದಾರೆ. ಒಂದೇ ಬಿಡಾರದಲ್ಲಿ ಎಂಟು ಜನ ಇದ್ದರೆ ತಟ್ಟೆ ಅದಲುಬದಲು ಆಗುತ್ತೆ, ಅಲ್ವಾ? ನಮ್ಮಮ್ಮ ಸ್ಟೀಲ್ ಡಬ್ಬಿಗಳಿಗೆ ಹೆಸರು ಹಾಕಿಸಿದ್ದೂ ಅದಕ್ಕೇ.

ನಾಣ್ಯ ಸಿಕ್ಕರೆ ಎಲ್ಲರೂ ಓಡಿ ಬರುತ್ತಾರೆ. ನನ್ನ ಕೇಳಿದರೆ, ಕಾಲ ತಿಳಿಯೋಕೆ ಬೋಕಿಯೇ, ಅಂದರೆ ಮಡಕೆ ಚೂರೇ ಮೇಲು. ನಾಣ್ಯ ವರ್ಷಗಟ್ಟಲೆ ಕೈಯಿಂದ ಕೈಗೆ ಓಡಾಡುತ್ತದೆ. ಮಣ್ಣಿನ ತಟ್ಟೆ ಒಡೆದ ದಿನವೇ ತಿಪ್ಪೆ ಸೇರುತ್ತದೆ. ಆಕಾರವೂ ಕಾಲಕ್ಕೆ ತಕ್ಕಂತೆ ಬದಲಾಗುತ್ತಿತ್ತು. ಡ್ರಾಗೆಂಡಾರ್ಫ್ ಎಂಬ ವಿದ್ವಾಂಸ 1895ರಲ್ಲೇ ಈ ಆಕಾರಗಳಿಗೆ ನಂಬರ್ ಕೊಟ್ಟಿದ್ದಾರೆ. ನಡುವಲ್ಲಿ ಏಣು ಇರುವ ಬಟ್ಟಲು 29. ಅರ್ಧ ತೆಂಗಿನ ಚಿಪ್ಪಿನಂತೆ ಗುಂಡಗಿರುವುದು 37. 1ನೇ ಶತಮಾನದ ಕೊನೆಯ ಹೊತ್ತಿಗೆ 29 ಹೋಗಿ, ಆ ಜಾಗಕ್ಕೆ 37 ಬಂತು.

ಆದರೆ ಚೂರು ಮಣ್ಣಿನ ಯಾವ ಪದರದಲ್ಲಿ ಸಿಕ್ಕಿತೋ ಆ ಪದರದ ನಂಬರಿರುವ ಟ್ರೇಗೇ ಹೋಗಬೇಕು. ಪಕ್ಕದ ಟ್ರೇಗೆ ಬಿದ್ದರೆ ಅದು ಸುಮ್ನೆ ಒಂದು ಚಂದದ ಚೂರು, ಅಷ್ಟೇ. ಆಮೇಲೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ಹಗುರವಾಗಿ ತೊಳೆಯುವುದು.

ಪದರಕ್ಕೆ ಯಾಕಿಷ್ಟು ಒದ್ದಾಟ?

[ದೃಶ್ಯ: ದಕ್ಷಿಣ ಭಾರತದ ನಕ್ಷೆ]

1945ರಲ್ಲಿ ಪುದುಚೇರಿ ಹತ್ತಿರದ ಅರಿಕಮೇಡುವಿನಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದಾಗ ಇಟಲಿಯ ಕೆಂಪು ಮಡಕೆ ಚೂರುಗಳು ಸಿಕ್ಕವು. ಅವುಗಳ ಕಾಲ ಮೊದಲೇ ಗೊತ್ತಿತ್ತು. ಅವುಗಳ ಜೊತೆಗೇ, ಅದೇ ಪದರಗಳಲ್ಲಿ, ಒಳಗೆ ಸುತ್ತಲೂ ಚುಕ್ಕೆ ಸಾಲು ಇರುವ ಇಲ್ಲಿನ ತಟ್ಟೆಗಳೂ ಸಿಕ್ಕವು. ಹಾಗಾಗಿ ಅವುಗಳ ಕಾಲವೂ ತಿಳಿಯಿತು. 1947ರಲ್ಲಿ ವೀಲರ್ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಗೆ ಬಂದರು. ಅದೇ, ಅಶೋಕನ ಶಾಸನ ಇರುವ ಊರು. ಅಲ್ಲೂ ಆ ಚುಕ್ಕೆ ಸಾಲಿನ ಚೂರುಗಳು ಬಂದವು. ಬ್ರಹ್ಮಗಿರಿಯ ಆ ಪದರ ಯಾವ ಕಾಲದ್ದು ಅಂತ ಅವರು ಲೆಕ್ಕ ಹಾಕಿದ್ದು ಹಾಗೆ.