ಪುಸ್ತಕದ ಹೆಸರಾಗಿ ಉಳಿದ ಗುಸ್ತಾವ್ ಕೊಬೇ

[ತೆರೆ ಮೇಲೆ: ಕೊಲ್ಲಿ, ಒಂಟಿ ಹಾಯಿದೋಣಿ. ದೂರದಿಂದ ವಿಮಾನದ ಸದ್ದು.]

1918ರ ಜುಲೈ 27. ನ್ಯೂಯಾರ್ಕ್ ಪಕ್ಕದ ಲಾಂಗ್ ಐಲೆಂಡ್. ಗ್ರೇಟ್ ಸೌತ್ ಬೇ ಕೊಲ್ಲಿಯಲ್ಲಿ 61 ವರ್ಷದ ಒಬ್ಬರು ಹಾಯಿದೋಣಿಯಲ್ಲಿ ಹೊರಟಿದ್ದರು. ನೌಕಾಪಡೆಯ ಸೀಪ್ಲೇನ್, ಅಂದರೆ ನೀರಿನ ಮೇಲೆ ಇಳಿಯುವ ವಿಮಾನ, ಒಂದು ಬಂದು ದೋಣಿಗೆ ಬಡಿಯಿತು. ಅವರು ತೀರಿಕೊಂಡರು. ಅವರು ಬರೆಯುತ್ತಿದ್ದ ದೊಡ್ಡ ಪುಸ್ತಕ ಇನ್ನೂ ಅಚ್ಚಾಗಿರಲಿಲ್ಲ.

ಅವರೇ ಗುಸ್ತಾವ್ ಕೊಬೇ.

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿದವರು, ಕೈಗೆತ್ತಿಕೊಂಡದ್ದು ಪತ್ರಿಕೆ ಕೆಲಸ. 1882ರಲ್ಲಿ ಜರ್ಮನ್ ಸಂಗೀತಗಾರ ವಾಗ್ನರ್ ಅವರ ‘ಪಾರ್ಸಿಫಾಲ್’ ಎಂಬ ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ, ಮೊದಲ ಬಾರಿ ರಂಗಕ್ಕೆ ಬಂದಾಗ ವರದಿ ಮಾಡಲು ಜರ್ಮನಿಯ ಬೈರಾಯ್ಟ್‌ಗೆ ಹೋಗಿದ್ದರು. ಆಮೇಲೆ ‘ನ್ಯೂಯಾರ್ಕ್ ಹೆರಾಲ್ಡ್’ನಲ್ಲಿ ವರ್ಷಗಟ್ಟಲೆ ಸಂಗೀತ ವಿಮರ್ಶಕ. ನಡುವೆ, ಬೇರೆ ಹಡಗುಗಳಿಗೆ ದಾರಿ ತೋರಲು ಸಮುದ್ರದಲ್ಲಿ ಲಂಗರು ಹಾಕಿ ನಿಲ್ಲುವ ದೀಪದ ಹಡಗಿನ ನಾವಿಕರ ಬಗ್ಗೆಯೂ ಬರೆದರು. ನೀರಿನ ಹುಚ್ಚು ಆಗಲೇ ಇತ್ತು ಅನ್ನಿ!

[ತೆರೆ ಮೇಲೆ: ಹಳೆ ಪುಟ, ಕಥೆಯ ಸಾಲುಗಳ ನಡುವೆ ಸ್ವರಲಿಪಿ.]

ಅವರು ಸತ್ತ ಮರುವರ್ಷ, 1919ರಲ್ಲಿ, ‘ದಿ ಕಂಪ್ಲೀಟ್ ಒಪೆರಾ ಬುಕ್’ ಹೊರಬಂತು. ಉಳಿದ ಕೆಲವು ಒಪೆರಾಗಳನ್ನು ಕ್ಯಾಥರೀನ್ ರೈಟ್ ಸೇರಿಸಿ ಮುಗಿಸಿದ್ದರು.

ಒಪೆರಾದಲ್ಲಿ ಜಗಳವನ್ನೂ ಹಾಡಿಯೇ ಆಡುತ್ತಾರೆ, ಅದೂ ಇಟಾಲಿಯನ್ನಿನಲ್ಲೋ ಜರ್ಮನ್ನಿನಲ್ಲೋ. ಭಾಷೆ ಬಾರದವನು ಮೂರು ನಾಲ್ಕು ಗಂಟೆ ಸುಮ್ನೆ ಕೂತು ಏನು ಮಾಡಬೇಕು? ಬರೀ ಕಥೆ ಹೇಳುವ ಪುಸ್ತಕವಾದರೆ ಅರ್ಧ ಕೆಲಸ ಅಷ್ಟೇ. ಕೊಬೇ ಪುಸ್ತಕದಲ್ಲಿ ಕಥೆಯ ಜೊತೆಗೆ 400 ಮುಖ್ಯ ರಾಗದ ತುಣುಕುಗಳ ಸ್ವರಲಿಪಿಯೂ ಇತ್ತು. ರೇಡಿಯೋದಲ್ಲಿ ಒಪೆರಾ ಕೇಳುವ ಕಾಲ ಇನ್ನೂ ಬಂದಿರಲಿಲ್ಲ. ಮನೆಯಲ್ಲಿ ಪಿಯಾನೋ ಇದ್ದವರು ಮೊದಲೇ ನುಡಿಸಿ ನೋಡಬಹುದಿತ್ತು.

ಇದರಿಂದ ಜಾಸ್ತಿ ಉಪಯೋಗ ವಾಗ್ನರ್ ಒಪೆರಾಗೆ ಹೋಗುವವರಿಗೆ. ಅವರ ‘ರಿಂಗ್’ ಎಂಬ ನಾಲ್ಕು ಒಪೆರಾಗಳ ಸರಣಿಯಲ್ಲಿ ಕತ್ತಿಗೇ ಒಂದು ರಾಗವಿದೆ. ಮೊದಲ ಒಪೆರಾದ ಕೊನೆಗೆ ಅದು ಕೇಳಿಸುತ್ತದೆ, ಆದರೆ ಆ ಕತ್ತಿ ಕಥೆಯೊಳಗೆ ಬರುವುದು ಎರಡನೆಯದರಲ್ಲಿ! ಮರದಲ್ಲಿ ನೆಟ್ಟ ಕತ್ತಿಯನ್ನು ನಾಯಕ ಸೀಗ್ಮುಂಡ್ ಕಿತ್ತು ತೆಗೆಯುವಾಗ, ರಾಗ ಮೊದಲೇ ಗೊತ್ತಿದ್ದವರಿಗೆ ಮೈ ಜುಮ್ಮೆನ್ನುತ್ತದೆ. ಗೊತ್ತಿಲ್ಲದವರಿಗೆ ಅದು ಬರೀ ಜೋರು ಸದ್ದು, ಅಲ್ವಾ?

ಮುಂದೆ ಪುಸ್ತಕ ಇಂಗ್ಲೆಂಡಿನ ಲಾರ್ಡ್ ಹೇರ್‌ವುಡ್ ಕೈಗೆ ಬಂತು. ರಾಣಿ ಎರಡನೇ ಎಲಿಜಬೆತ್ ಅವರ ಹತ್ತಿರದ ಸಂಬಂಧಿ, ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಕೋಲ್ಡಿಟ್ಜ್ ಕೋಟೆಯಲ್ಲಿ ಸೆರೆಯಿದ್ದವರು. 1954ರಲ್ಲಿ ಅವರು ಪರಿಷ್ಕರಿಸಿದರು. 1997ರ ಆವೃತ್ತಿಗೂ ‘ದಿ ನ್ಯೂ ಕೊಬೇಸ್ ಒಪೆರಾ ಬುಕ್’ ಅಂತಲೇ ಹೆಸರು. ಮೊದಲಿನ ಮಾತು ಬಹಳಷ್ಟು ಬದಲಾಗಿತ್ತು, ಒಪೆರಾಗಳು ಹೆಚ್ಚಿದ್ದವು. ರಟ್ಟಿನ ಮೇಲಿನ ಹೆಸರನ್ನು ಮಾತ್ರ ಯಾರೂ ಅಳಿಸಲಿಲ್ಲ.

[ತೆರೆ ಮೇಲೆ: ಮತ್ತೆ ಅದೇ ಕೊಲ್ಲಿ. ತುತ್ತೂರಿಯಲ್ಲಿ ಕತ್ತಿಯ ರಾಗ.]