ಮಹಿಳೆಯರ ತೊಂದರೆಗಳಿಗೆ ಅಕ್ಯುಪಂಕ್ಚರ್: ಯಾವುದಕ್ಕೆ ಆದೀತು, ಯಾವುದಕ್ಕೆ ಆಗದು

ಎಲ್ಲರಿಗೂ ನಮಸ್ಕಾರ. ಉಡುಪಿಯ ಈ ಸೆಖೆಯಲ್ಲೂ ಇಷ್ಟು ಜನ ಬಂದಿದ್ದೀರಿ, ಖುಷಿಯಾಯಿತು.

ಅಕ್ಯುಪಂಕ್ಚರ್ ಅಂದರೆ ಮೈಯ ಕೆಲವು ಜಾಗಗಳಿಗೆ ತೆಳು ಸೂಜಿ ಚುಚ್ಚುವ ಚೀನಾದ ಚಿಕಿತ್ಸೆ. ಮುಟ್ಟಿನ ನೋವಿಗೆ ಈ ಸೂಜಿ ಆಗ್ತದಾ ಅಂತ ಕೇಳುವವರು ಜಾಸ್ತಿ. ಕೆಮ್ಮಿದರೆ, ಸೀನಿದರೆ, ಕೊಡ ಎತ್ತಿದರೆ ಮೂತ್ರ ಸೋರುತ್ತದೆ ಎಂದು ಮಾತ್ರ ಯಾರೂ ಬಾಯಿಬಿಡುವುದಿಲ್ಲ. ಯಕ್ಷಗಾನದ ಆಟಕ್ಕೆ ಹೋದರೆ ರಾತ್ರಿಯಿಡೀ ನೀರು ಮುಟ್ಟುವುದಿಲ್ಲ. ಮಂಗಳೂರಿನ ಎಕ್ಸ್‌ಪ್ರೆಸ್ ಬಸ್ಸು ಹತ್ತುವ ದಿನ ಬೆಳಗ್ಗಿನ ಚಹಾವೂ ಬೇಡ. ‘ಎರಡು ಹೆತ್ತ ಮೇಲೆ ಇದೆಲ್ಲ ಇದ್ದದ್ದೇ’ ಎಂದು ಸುಮ್ಮನಿರುತ್ತೀರಿ, ಅಲ್ವಾ? ಅಕ್ಯುಪಂಕ್ಚರಿಗೆ ಗಟ್ಟಿ ಪುರಾವೆ ಸಿಕ್ಕಿರುವ ಕೆಲವೇ ತೊಂದರೆಗಳಲ್ಲಿ ಇದೂ ಒಂದು.

ಚೀನಾದ 12 ಆಸ್ಪತ್ರೆಗಳಲ್ಲಿ 504 ಮಹಿಳೆಯರ ಮೇಲೆ ನಡೆದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅರ್ಧ ಮಂದಿಗೆ ಸೊಂಟದ ಕೆಳಗೆ, ಬಾಲಮೂಳೆಯ ಆಸುಪಾಸಿನಲ್ಲಿ ಸೂಜಿ ಚುಚ್ಚಿ ಸಣ್ಣಗೆ ಕರೆಂಟ್ ಹರಿಸಿದರು. ಒಂದು ಸಲಕ್ಕೆ ಅರ್ಧ ಗಂಟೆ, ವಾರಕ್ಕೆ 3 ಸಲ, ಒಟ್ಟು 6 ವಾರ. ಉಳಿದವರಿಗೆ ಮೊಂಡು ಸೂಜಿ. ಅಂಟುಪಟ್ಟಿಯ ಮೇಲೆ ಒತ್ತಿದರೆ ಚುಚ್ಚಿದ ಹಾಗೇ ಅನ್ನಿಸುತ್ತದೆ, ಚರ್ಮದೊಳಗೆ ಹೋಗುವುದಿಲ್ಲ. ತಮಗೆ ಯಾವುದು ಹಾಕಿದ್ದಾರೆ ಎಂದು ಅವರಿಗೆ ಹೇಳಿರಲಿಲ್ಲ. ಕೊನೆಗೆ ಒಂದು ಗಂಟೆ ಪ್ಯಾಡ್ ಇಟ್ಟು ತೂಕ ಮಾಡಿದರು. ನಿಜ ಸೂಜಿಯವರಲ್ಲಿ ಸೋರಿಕೆ ಸರಾಸರಿ 9.9 ಗ್ರಾಂ ಇಳಿದಿತ್ತು. ಮೊಂಡು ಸೂಜಿಯವರಲ್ಲಿ 2.6 ಗ್ರಾಂ.

ಹಾಗಂತ ನಾಳೆಯೇ ಸೂಜಿಗೆ ಓಡಬೇಡಿ. ಮೂತ್ರ ತಡೆದು ಹಿಡಿದ ಹಾಗೆ ಕೆಳಗಿನ ಸ್ನಾಯುಗಳನ್ನು ಬಿಗಿಮಾಡಿ ಬಿಡುವ ವ್ಯಾಯಾಮವಿದೆ, ಫಿಸಿಯೋಥೆರಪಿಯವರು ಕಲಿಸುತ್ತಾರೆ. ಮೊದಲು ಅದು. ಕೆಲವು ತಿಂಗಳು ಬಿಡದೆ ಮಾಡಬೇಕು. ಅಲ್ಲೇ ಎಲ್ಲರೂ ಜಾರಿಕೊಳ್ಳುವುದು!

ಮಗುವಿಗಾಗಿ ಕಾಯುತ್ತಿರುವವರಿಗೆ ಮಾತ್ರ ಕಹಿ ಮಾತೇ ಹೇಳಬೇಕು. ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿ ಐವಿಎಫ್, ಅಂದರೆ ಅಂಡ ಮತ್ತು ವೀರ್ಯಾಣುವನ್ನು ದೇಹದ ಹೊರಗೆ ಸೇರಿಸಿ ಗರ್ಭಕ್ಕೆ ಇಡುವ ಚಿಕಿತ್ಸೆ, ಮಾಡಿಸಿಕೊಳ್ಳುತ್ತಿದ್ದ 848 ಮಹಿಳೆಯರ ಫಲಿತಾಂಶ 2018ರಲ್ಲಿ ಬಂತು. ನಿಜ ಸೂಜಿಯಾಗಲಿ ಸುಳ್ಳು ಸೂಜಿಯಾಗಲಿ, ಮಗು ಹುಟ್ಟಿದ್ದು ನೂರರಲ್ಲಿ ಸುಮಾರು 18 ಮಂದಿಗೆ. ಪಿಸಿಓಎಸ್, ಅಂದರೆ ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ಅಂಡಾಶಯದ ತೊಂದರೆ, ಇರುವ 1,000 ಮಹಿಳೆಯರ ಚೀನಾದ ಅಧ್ಯಯನದಲ್ಲೂ ಸೂಜಿಯಿಂದ ಹೆರಿಗೆಗಳು ಹೆಚ್ಚಲಿಲ್ಲ. ಈಗಾಗಲೇ ಬಿಲ್ಲು ಕಟ್ಟಿ ಸುಸ್ತಾದ ಮನೆಗೆ ಇನ್ನೊಂದು ‘ಪ್ಯಾಕೇಜ್’ ಮಾರುವುದು ನನಗಂತೂ ಸರಿ ಕಾಣುವುದಿಲ್ಲ.

ಮುಟ್ಟು ನಿಲ್ಲುವ ಕಾಲದ ಬಿಸಿಯೇರಿಕೆ ಇದೆಯಲ್ಲ, ಅದಕ್ಕೆ ಏನೂ ಮಾಡದೆ ಇರುವುದಕ್ಕಿಂತ ಸೂಜಿ ವಾಸಿ. ಆದರೆ ಸುಳ್ಳು ಸೂಜಿಗಿಂತ ಹೆಚ್ಚೇನಲ್ಲ. ಮುಟ್ಟಿನ ನೋವಿಗೆ ಕೆಲವರಿಗೆ ಆರಾಮ ಸಿಗುತ್ತದೆ, ಪುರಾವೆ ಮಾತ್ರ ಇನ್ನೂ ತೆಳು. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಸೂಜಿಯ ಯೋಚನೆಯೇ ಬೇಡ, ನೇರ ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ.

ಸೂಜಿ ಹಾಕಿಸಿಕೊಳ್ಳುವುದೇ ಆದರೆ ಹೊಸ ಪೊಟ್ಟಣವನ್ನು ನಿಮ್ಮೆದುರೇ ಒಡೆಯಲು ಹೇಳಿ. ಬಸುರಿಯಾಗಿದ್ದರೆ, ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಿ. ಪೇಸ್‌ಮೇಕರ್ ಇದ್ದವರಿಗೆ ಕರೆಂಟಿನ ಸೂಜಿ ಬೇಡ.

ಈಗ ಪ್ರಶ್ನೆಗಳು. ಮೈಕಿನಲ್ಲಿ ಕೇಳಲು ಸಂಕೋಚವಾದರೆ ಹೆಸರು ಹಾಕದೆ ಚೀಟಿ ಬರೆದು ಕೊಡಿ, ಓದಿ ಉತ್ತರಿಸುತ್ತೇನೆ.